ಓದುಗರ ಪ್ರಶ್ನೆ, ನಮ್ಮ ಉತ್ತರ: ಏಳು ಲಕ್ಷ ಜನರ ಊರಲ್ಲಿ ಟೀಮ್ ಯಾಕೆ ಉಳೀಲಿಲ್ಲ?

ಪ್ರಶ್ನೆ: ಅಣ್ಣನ ಮನೆಗೆ ಅಂತ ಕೆನಡಾದ ಮಿಸಿಸಾಗಕ್ಕೆ ಹೋದಾಗ ಸ್ಟೀಲ್‌ಹೆಡ್ಸ್ ಅನ್ನೋ ಹುಡುಗರ ಐಸ್ ಹಾಕಿ ಟೀಮಿನ ಮ್ಯಾಚ್ ನೋಡಿದ್ವಿ. ಸೀಟು ಎಷ್ಟೋ ಖಾಲಿ, ಆಟ ಮಾತ್ರ ಸಖತ್. ಈಗ ಅಣ್ಣನ ಮಗ ಫೋನ್ ಮಾಡಿ ಟೀಮೇ ಬ್ರಾಂಪ್ಟನ್‌ಗೆ ಹೋಯ್ತು ಚಿಕ್ಕಪ್ಪ ಅಂತಾನೆ. ಏಳು ಲಕ್ಷ ಜನ ಇರೋ ಊರಿಗೆ ಒಂದು ಟೀಮ್ ಸಾಕಕ್ಕಾಗಲ್ವಾ?
- ಓದುಗರೊಬ್ಬರು, ಮೈಸೂರು

ಉತ್ತರ: ಹುಡುಗ ಹೇಳಿದ್ದು ನಿಜ, 2024ರಲ್ಲಿ ಹೋಯ್ತು. ಆದ್ರೆ ಸಾರ್, ಮಿಸಿಸಾಗಕ್ಕೆ ಇದೇನು ಹೊಸದಲ್ಲ. ಮಿಸಿಸಾಗ ಇರೋ ಪ್ರಾಂತ್ಯದ ಹೆಸರಲ್ಲಿ ಒಂಟಾರಿಯೊ ಹಾಕಿ ಲೀಗ್ ಅಂತ ಇದೆ, 16ರಿಂದ 20 ವರ್ಷದ ಹುಡುಗರದ್ದು, ಅವರು 1998ರಲ್ಲಿ ಮಿಸಿಸಾಗಕ್ಕೆ ಐಸ್‌ಡಾಗ್ಸ್, ಪಕ್ಕದ ಬ್ರಾಂಪ್ಟನ್‌ಗೆ ಬೆಟಾಲಿಯನ್ ಅಂತ ಒಂದೊಂದು ಹೊಸ ಟೀಮ್ ಕೊಟ್ರು. ಐಸ್‌ಡಾಗ್ಸ್ ಓನರ್‌ಗಳಲ್ಲಿ ಒಬ್ರು ಡಾನ್ ಚೆರ್ರಿ, ಟಿವಿಲಿ ಶನಿವಾರ ರಾತ್ರಿ ಕಣ್ಣು ಕುಕ್ಕೋ ಬಣ್ಣದ ಕೋಟು ಹಾಕ್ಕೊಂಡು ಬಾಯಿಗೆ ಬಂದಿದ್ದು ಮಾತಾಡ್ತಿದ್ರಲ್ಲ ಅವರೇ, ಯುರೋಪಿನ ಹುಡುಗರು ಬೇಡವೇ ಬೇಡ ಅಂತ ಹಠ ಹಿಡಿದ್ರು, ಮೊದಲ ಸೀಸನ್ನಿನ 68 ಮ್ಯಾಚಲ್ಲಿ ಗೆದ್ದಿದ್ದು ಬರೀ 4. 2007ರಲ್ಲಿ ಆ ಟೀಮ್ ಸೇಂಟ್ ಕ್ಯಾಥರೀನ್ಸ್‌ಗೆ ಹೋಗಿ ನಯಾಗರಾ ಐಸ್‌ಡಾಗ್ಸ್ ಆಯ್ತು. ಅದೇ ವರ್ಷ ಖಾಲಿ ಜಾಗಕ್ಕೆ ಟೊರೊಂಟೊದ ಸೇಂಟ್ ಮೈಕಲ್ಸ್ ಮೇಜರ್ಸ್ ಬಂತು, 2012ರಲ್ಲಿ ಹೆಸರು ಬದಲಾಯಿಸ್ಕೊಂಡು ನೀವು ನೋಡಿದ ಸ್ಟೀಲ್‌ಹೆಡ್ಸ್ ಆಯ್ತು.

ಬ್ರಾಂಪ್ಟನ್ ಕಥೆ ಇನ್ನೂ ಮಜಾ ಇದೆ. ಅಲ್ಲಿನ ಬೆಟಾಲಿಯನ್ 2013ರಲ್ಲಿ ಗಂಟು ಮೂಟೆ ಕಟ್ಕೊಂಡು ಉತ್ತರದ ನಾರ್ತ್ ಬೇ ಅನ್ನೋ ಊರಿಗೆ ಹೋಯ್ತು, ಬರೀ 50 ಸಾವಿರ ಚಿಲ್ಲರೆ ಜನ ಇರೋ ಊರು. ಆ ನಾರ್ತ್ ಬೇನೂ 2002ರಲ್ಲಿ ತನ್ನ ಸೆಂಟೆನಿಯಲ್ಸ್ ಟೀಮ್ ಕಳ್ಕೊಂಡಿತ್ತು, ಅದು ಮಾರಾಟ ಆಗಿ ಅಮೆರಿಕದ ಮಿಷಿಗನ್‌ಗೆ ಹೋಗಿ ಸ್ಯಾಗಿನಾ ಸ್ಪಿರಿಟ್ ಆಯ್ತು, ಆ ಸ್ಯಾಗಿನಾ 2024ರಲ್ಲಿ ಮೆಮೋರಿಯಲ್ ಕಪ್ಪನ್ನೇ ಹೊಡೀತು! ಜೂನಿಯರ್ ಹಾಕಿಲಿ ಅದಕ್ಕಿಂತ ದೊಡ್ಡ ಕಪ್ ಇಲ್ಲ. ನಾರ್ತ್ ಬೇ ಜನಕ್ಕೆ ಅವತ್ತು ಹೊಟ್ಟೆ ಉರೀದೆ ಇರುತ್ತಾ ಹೇಳಿ.

ಕಾರಣಕ್ಕೆ ಬರೋಣ. ಈ ಟೀಮ್‌ಗಳು ಬದುಕೋದು ಮುಖ್ಯವಾಗಿ ಟಿಕೆಟ್ ದುಡ್ಡು ಮತ್ತೆ ಊರಿನ ಅಂಗಡಿ ಕಂಪನಿಗಳು ಕೊಡೋ ಜಾಹೀರಾತಿಂದ, ಟಿವಿ ದುಡ್ಡು ಅನ್ನೋದು ದೊಡ್ಡ ಲೀಗ್‌ಗಳ ಭಾಗ್ಯ. ಮಿಸಿಸಾಗ, ಬ್ರಾಂಪ್ಟನ್ ಎರಡೂ ಟೊರೊಂಟೊ ಪಕ್ಕದವೇ, ಟೊರೊಂಟೊ ಸುತ್ತಮುತ್ತ ಇರೋರಿಗೆ ಹಾಕಿ ಅಂದ್ರೆ ಆ ಊರಿನ ದೊಡ್ಡ ಪ್ರೊಫೆಷನಲ್ ಟೀಮ್ ಮೇಪಲ್ ಲೀಫ್ಸ್, ಶನಿವಾರ ರಾತ್ರಿ ಮನೇಲಿ ಸೋಫಾ ಮೇಲೆ ಕೂತ್ಕೊಂಡು ಅದನ್ನ ನೋಡೋದು ಬಿಟ್ಟು ಚಳೀಲಿ ಕಾರು ತೆಗೆದು ಹದಿನೇಳು ವರ್ಷದ ಹುಡುಗರ ಆಟ ನೋಡೋಕೆ ಯಾರು ಹೋಗ್ತಾರೆ, ಆದ್ರೆ ನಾರ್ತ್ ಬೇಲಿ ಜನವರಿ ತಿಂಗಳ ಸಂಜೆ ಊರವರೆಲ್ಲ ಸೇರೋಕೆ ಇರೋದೇ ಆ ಅರೀನಾ. ಇತಿಹಾಸ ಇದ್ರೂ ಉಳಿಯಲ್ಲ. ಟೊರೊಂಟೊ ಮಾರ್ಲ್‌ಬೊರೋಸ್ ಏಳು ಸಲ ಮೆಮೋರಿಯಲ್ ಕಪ್ ಗೆದ್ದ ಟೀಮು, ಅದೂ 1989ರಲ್ಲಿ ಹ್ಯಾಮಿಲ್ಟನ್‌ಗೆ ಹೋಗಿ ಅಲ್ಲೂ ನಿಲ್ಲದೆ 1991ರಲ್ಲಿ ಗ್ವೆಲ್ಫ್ ಸೇರ್ಕೊಳ್ತು. ಹಂಗಾಗಿ ಬ್ರಾಂಪ್ಟನ್‌ನ ಈ ಎರಡನೇ ಇನಿಂಗ್ಸ್ ಬಗ್ಗೆ ನನಗಂತೂ ಡೌಟೇ.

ಉಳಿಯೋ ದಾರಿ ಇಲ್ವಾ ಅಂದ್ರೆ ಇದೆ. ಇದೇ ಲೀಗಿನ ಕಿಚನರ್ ರೇಂಜರ್ಸ್ ಟೀಮಿಗೆ ಸೀಸನ್ ಟಿಕೆಟ್ ಇಟ್ಕೊಂಡಿರೋ ಜನರೇ ಮಾಲೀಕರು, ಯಾವನೋ ಶ್ರೀಮಂತ ಬೇಜಾರಾಯ್ತು ಅಂತ ಮಾರೋ ಹಂಗಿಲ್ಲ. ಕೆನಡಾದ ಪಶ್ಚಿಮದಲ್ಲಿ ಸ್ವಿಫ್ಟ್ ಕರೆಂಟ್ ಅಂತ ಒಂದು ಪುಟ್ಟ ಊರಿದೆ, ಅಲ್ಲಿನ ಬ್ರಾಂಕೋಸ್ ಕೂಡ ಊರವರದ್ದೇ. 1986ರ ಡಿಸೆಂಬರಲ್ಲಿ ಆ ಟೀಮಿನ ಬಸ್ ಅಪಘಾತ ಆಗಿ ನಾಲ್ಕು ಹುಡುಗರು ಹೋಗ್ಬಿಟ್ರು, ಆ ಟೀಮು 1989ರಲ್ಲಿ ಮೆಮೋರಿಯಲ್ ಕಪ್ ಎತ್ತಿತು, ಇವತ್ತಿಗೂ ಅದೇ ಊರಲ್ಲಿದೆ.

ಪ್ರಶ್ನೆ: ಜೂನಿಯರ್ ಹಾಕಿ ಟೀಮ್‌ಗಳು ಒಂದು ವರ್ಷ ಚಾಂಪಿಯನ್ ಆಗಿ ಎರಡೇ ವರ್ಷಕ್ಕೆ ತಳ ಸೇರ್ತಾವೆ. ಕೋಚ್‌ಗಳ ತಪ್ಪಾ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಬಹಳಷ್ಟು ಸಲ ಅಲ್ಲ, ವಯಸ್ಸಿನ ತಪ್ಪು! ನಮ್ಮ ಪಿಯು ಕಾಲೇಜಿನ ಕಬಡ್ಡಿ ಟೀಮ್ ಥರ, ಒಳ್ಳೆ ಬ್ಯಾಚ್ ಪಾಸಾಗಿ ಹೋದ್ರೆ ಮುಗೀತು. 20 ವರ್ಷದವರನ್ನ ಮೂರೇ ಜನ ಇಟ್ಕೋಬಹುದು, ತುಂಬಾ ಚೆನ್ನಾಗಿ ಆಡೋರನ್ನ ಅದಕ್ಕೂ ಮುಂಚೆನೇ ದೊಡ್ಡವರ ಪ್ರೊಫೆಷನಲ್ ಲೀಗ್ ಎನ್‌ಎಚ್‌ಎಲ್ ಎತ್ಕೊಂಡು ಹೋಗುತ್ತೆ. ಅದಕ್ಕೇ ಕಪ್ ಕೈಗೆ ಸಿಗೋ ಹಾಗಿದೆ ಅನ್ನಿಸಿದ ವರ್ಷ ಮ್ಯಾನೇಜರ್‌ಗಳು ಮುಂದಿನ ವರ್ಷಗಳ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನ ಆರಿಸ್ಕೊಳ್ಳೋ ಸರದಿ) ಎಲ್ಲಾ ಕೊಟ್ಟು ಬೇರೆ ಟೀಮಿಂದ 19 ವರ್ಷದ ಹುಡುಗರನ್ನ ತರ್ತಾರೆ, ಸೀಸನ್ ಮುಗಿಯೋವಷ್ಟರಲ್ಲಿ ಆ ಹುಡುಗರೂ ಇಲ್ಲ ಪಿಕ್ಕೂ ಇಲ್ಲ.

ಇದಕ್ಕೆ ದೊಡ್ಡ ಅಪವಾದ ಲಂಡನ್ ನೈಟ್ಸ್, ಇದು ಒಂಟಾರಿಯೊದ ಲಂಡನ್ನು. 1995-96ರಲ್ಲಿ 66 ಮ್ಯಾಚಲ್ಲಿ ಮೂರೇ ಮೂರು ಗೆದ್ದ ಟೀಮ್ ಇದು ಅಂದ್ರೆ ಈಗ ಯಾರೂ ನಂಬಲ್ಲ. 2000ದಲ್ಲಿ ಮಾಜಿ ಎನ್‌ಎಚ್‌ಎಲ್ ಆಟಗಾರರಾದ ಡೇಲ್ ಹಂಟರ್, ಮಾರ್ಕ್ ಹಂಟರ್ ತೊಗೊಂಡ್ರು, 2002ರಲ್ಲಿ ಊರಿನ ಮಧ್ಯದಲ್ಲೇ 9 ಸಾವಿರ ಸೀಟಿನ ಅರೀನಾ ಬಂತು, 2004-05ರಲ್ಲಿ ಸತತ 31 ಮ್ಯಾಚ್ ಸೋಲಲೇ ಇಲ್ಲ. ಆ ವರ್ಷದ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಮುಂದೆ ಎನ್‌ಎಚ್‌ಎಲ್‌ನ ದೊಡ್ಡ ಸ್ಟಾರ್ ಆದ ಸಿಡ್ನಿ ಕ್ರಾಸ್ಬಿ ಇದ್ದ ರಿಮೂಸ್ಕಿ ಟೀಮನ್ನ 4-0 ಅಂತ ಸೋಲಿಸಿದ್ರು. ಮತ್ತೆ 2016ರಲ್ಲಿ, ಮತ್ತೆ 2025ರಲ್ಲೂ ಆ ಕಪ್ ಗೆದ್ರು. ಇಲ್ಲಿ ಆಡಿದ್ರೆ ಎನ್‌ಎಚ್‌ಎಲ್ ಗ್ಯಾರಂಟಿ ಅಂತ ಅಪ್ಪ ಅಮ್ಮಂದಿರಿಗೆ ಅನ್ನಿಸೋಕೆ ಶುರುವಾದ ಮೇಲೆ ಒಳ್ಳೆ ಹುಡುಗರು ತಾವಾಗೇ ಬರ್ತಾರೆ, ಬೇರೆ ಟೀಮ್‌ನೋರಿಗೆ ಇದರ ಮೇಲೆ ಕೋಪ ಇರೋದೂ ಅದಕ್ಕೇ.

ಪ್ರಶ್ನೆ: ಈ ಹುಡುಗರಿಗೆ ಸಂಬಳ ಇದೆಯಾ? ಓದು?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಂಬಳ ಅನ್ನೋ ಹಾಗಿಲ್ಲ, ಪಾಕೆಟ್ ಮನಿ ಅಷ್ಟೇ. ಇರೋದು ಆ ಊರಿನ ಯಾವುದೋ ಮನೇಲಿ, ಮನೆ ಮಗನ ಹಾಗೆ. ಆಮೇಲೆ ಕಾಲೇಜಿಗೆ ಸ್ಕಾಲರ್‌ಶಿಪ್ ಇದೆ. ಅಮೆರಿಕದ ಕಾಲೇಜು ಲೀಗ್ ಮಾತ್ರ ಇವರನ್ನ ಪ್ರೊಫೆಷನಲ್ ಅಂತ ಹೊರಗಿಟ್ಟಿತ್ತು, ಆ ರೂಲು ನವೆಂಬರ್ 2024ರಲ್ಲಿ ಬದಲಾಗಿ 2025ರ ಆಗಸ್ಟಿಂದ ಬಾಗಿಲು ತೆರೀತು. ತೆರೆದಿದ್ದೇ ತಡ, ಕೆನಡಾದ ಜೂನಿಯರ್ ಟೀಮ್ ಮೆಡಿಸಿನ್ ಹ್ಯಾಟ್ ಟೈಗರ್ಸ್‌ನ ಸ್ಟಾರ್ ಗ್ಯಾವಿನ್ ಮೆಕೆನ್ನಾ 17ನೇ ವಯಸ್ಸಿಗೇ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಹೋದ. ಹುಡುಗರಿಗೆ ಒಳ್ಳೇದೇ, ಆದ್ರೆ ಮೂರು ನಾಲ್ಕು ವರ್ಷ ಕೂತು ಟೀಮ್ ಕಟ್ಟೋ ಸಣ್ಣ ಊರಿನ ಮ್ಯಾನೇಜರ್‌ಗಳಿಗೆ ಇನ್ನೊಂದು ತಲೆನೋವು ಶುರುವಾಗಿದೆ.