ಬೂನ್‌ಸಾಕ್ ಪೊನ್ಸಾನಾ ಯಾರು? ಒಲಿಂಪಿಕ್ಸ್ ಪದಕ ಇಲ್ಲದಿದ್ದರೂ ಅವರನ್ನು ಯಾಕೆ ದೊಡ್ಡ ಆಟಗಾರ ಅಂತಾರೆ?

ಥಾಯ್ಲೆಂಡ್‌ನ ಬ್ಯಾಡ್ಮಿಂಟನ್ ಪುರುಷರ ಸಿಂಗಲ್ಸ್ ಅಂದ್ರೆ ಈಗ ಎಲ್ಲರಿಗೂ ಕುನ್ಲಾವುತ್ ನೆನಪಾಗ್ತಾರೆ, ಸರಿ. ಆದರೆ ಅದಕ್ಕೂ ಮುಂಚೆ ಸುಮಾರು 15 ವರ್ಷ ಆ ಭಾರ ಹೊತ್ತಿದ್ದು ಬೂನ್‌ಸಾಕ್. 1982ರಲ್ಲಿ ಹುಟ್ಟಿದವರು. 2000ರ ಸಿಡ್ನಿಯಿಂದ 2016ರ ರಿಯೊವರೆಗೆ ಸತತ ಐದು ಒಲಿಂಪಿಕ್ಸ್! ಮಂಡಿ ಸವೆಯುವ ಈ ಆಟದಲ್ಲಿ ಇದು ಸುಮ್ನೆ ಮಾತಲ್ಲ.

ಪದಕದ ತೀರಾ ಹತ್ತಿರ ಬಂದಿದ್ದು 2004ರಲ್ಲಿ, ಅಥೆನ್ಸ್‌ನಲ್ಲಿ. ಸೆಮಿಫೈನಲ್‌ನಲ್ಲಿ ಇಂಡೋನೇಷ್ಯಾದ ತೌಫಿಕ್ ಹಿದಾಯತ್ ಎದುರು ಸೋತರು, ತೌಫಿಕ್ ಚಿನ್ನವನ್ನೇ ಗೆದ್ದರು ಬಿಡಿ. ಆಮೇಲೆ ಕಂಚಿಗಾಗಿ ಸೋನಿ ದ್ವಿ ಕುನ್ಚೊರೊ ಜೊತೆ ಪಂದ್ಯ. ಮೊದಲ ಗೇಮ್ 11-15ರಲ್ಲಿ ಹೋಯ್ತು. ಎರಡನೆಯದು 16-17! ಆಗಿನ್ನೂ 15 ಪಾಯಿಂಟ್‌ನ ಹಳೇ ಪದ್ಧತಿ, ಸರ್ವ್ ಮಾಡುವವರಿಗೆ ಮಾತ್ರ ಪಾಯಿಂಟ್ ಸಿಗ್ತಿತ್ತು, ಹಾಗಾಗಿ ಆ ಕೊನೆಯ ಒಂದು ಪಾಯಿಂಟ್ ಎಷ್ಟು ಉರಿಸಿರಬೇಕು ಅಂತ ಊಹಿಸಿಕೊಳ್ಳಿ. ನಾಲ್ಕನೇ ಸ್ಥಾನ.

ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಸಿಂಗಾಪುರ ಓಪನ್ ಗೆದ್ದರು, ಐದು ವರ್ಷ ಬಿಟ್ಟು 2012ರಲ್ಲಿ, 30ರ ವಯಸ್ಸಿನಲ್ಲಿ, ಅದನ್ನೇ ಮತ್ತೆ ಗೆದ್ದರು. ನನ್ನ ಪ್ರಕಾರ ಅಥೆನ್ಸ್‌ಗಿಂತ ಈ ಎರಡನೇ ಗೆಲುವೇ ದೊಡ್ಡದು, ಯಾಕಂದ್ರೆ ಅಷ್ಟರಲ್ಲಿ ಪಾಯಿಂಟ್ ಪದ್ಧತಿಯೇ ಬದಲಾಗಿತ್ತು, ಆಟದ ವೇಗವೂ ಜಾಸ್ತಿಯಾಗಿತ್ತು. ಅಂದಹಾಗೆ ತಂಗಿ ಸಲಕ್‌ಜಿತ್ ಕೂಡ ಒಲಿಂಪಿಕ್ಸ್ ಆಡಿದವರೇ.

ಥಾಯ್ಲೆಂಡ್‌ಗೆ ಬ್ಯಾಡ್ಮಿಂಟನ್‌ನಲ್ಲಿ ಮೊದಲ ಒಲಿಂಪಿಕ್ಸ್ ಪದಕ ಬಂದಿದ್ದು 2024ರಲ್ಲಿ, ಪ್ಯಾರಿಸ್‌ನಲ್ಲಿ ಕುನ್ಲಾವುತ್ ಗೆದ್ದ ಬೆಳ್ಳಿ. ಅಥೆನ್ಸ್ ಆಗಿ ಬರೋಬ್ಬರಿ 20 ವರ್ಷಕ್ಕೆ.