30 ವಿದ್ಯಾರ್ಥಿಗಳು, 8 ದಿನ, ಶ್ರೀಲಂಕಾ: ಅಧ್ಯಯನ ಪ್ರವಾಸ ಹೇಗೆ ಹೊಂದಿಸಬೇಕು?

ಶಿವಮೊಗ್ಗ ಕಡೆಯ ಕಾಲೇಜಿನಿಂದ ಬಿಎಸ್ಸಿ ಸಸ್ಯಶಾಸ್ತ್ರದ 30 ವಿದ್ಯಾರ್ಥಿಗಳು, 3 ಮಂದಿ ಅಧ್ಯಾಪಕರು, ಡಿಸೆಂಬರ್‌ನಲ್ಲಿ 8 ದಿನ, 9 ಊರು. ಈ ಯೋಜನೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ನಡೆಯುವುದಿಲ್ಲ. ತಂಗುವ ಊರುಗಳನ್ನು ನಾಲ್ಕಕ್ಕೆ ಇಳಿಸಿ, ಪ್ರವಾಸವನ್ನು ಫೆಬ್ರವರಿಗೆ ಹಾಕಿ.

ಶ್ರೀಲಂಕಾಕ್ಕೆ ಎರಡು ಮಳೆಗಾಲ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಭಾಗಕ್ಕೆ, ಡಿಸೆಂಬರ್ ಹೊತ್ತಿಗೆ ಉತ್ತರ ಮತ್ತು ಪೂರ್ವಕ್ಕೆ. ಫೆಬ್ರವರಿಯಲ್ಲಿ ಎರಡೂ ಕಡೆ ಬಿಡುವು ಸಿಗುವ ಸಾಧ್ಯತೆ ಹೆಚ್ಚು. ಹುಣ್ಣಿಮೆ ಮಾತ್ರ ನೋಡಿಕೊಳ್ಳಿ: ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಅಂದು ಯಾವ ಸಂಸ್ಥೆಯ ಭೇಟಿಯನ್ನೂ ಇಟ್ಟುಕೊಳ್ಳಬೇಡಿ.

ನಕ್ಷೆಯಲ್ಲಿ ಎಲ್ಲ ಹತ್ತಿರ ಕಾಣುತ್ತದೆ. ಆದರೆ ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿ.ಮೀ. ಕೂಡ ಇಲ್ಲ, ಬಸ್ಸಿಗೆ ಮೂರು ಗಂಟೆ ಹಿಡಿಯುತ್ತದೆ. ಘಟ್ಟದಲ್ಲಿ ಗಂಟೆಗೆ 30 ಕಿ.ಮೀ. ಲೆಕ್ಕ ಹಾಕಿ. ತಂಗುವುದು ಹೀಗಿರಲಿ: ಬಂಡೆಕೋಟೆಯ ಸಿಗಿರಿಯ 2 ರಾತ್ರಿ, ಕ್ಯಾಂಡಿ 1 (ಪೇರಾದೆನಿಯ ಸಸ್ಯೋದ್ಯಾನಕ್ಕೆ ಅರ್ಧ ದಿನ), ನುವರ ಎಲಿಯ 2, ಸಿಂಹರಾಜ ಕಾಡಿನ ಪಕ್ಕದ ದೆನಿಯಾಯ 2. ಕೊನೆಯ ದಿನ ಸಂಜೆಯ ನಂತರದ ವಿಮಾನ ಹಿಡಿಯಿರಿ. ಅಲ್ಲಿನ ಗುಡ್ಡಗಾಡಿನ ರೈಲನ್ನು ನಂಬಿ ಯೋಜಿಸಬೇಡಿ. ಗುಡ್ಡ ಕುಸಿದರೆ ಅದು ನಿಂತುಹೋಗುತ್ತದೆ, ಗುಂಪಿಗೆ ಸೀಟೂ ಕಷ್ಟ.

ಇಟಿಎ, ಅಂದರೆ ಆನ್‌ಲೈನ್ ಪ್ರವೇಶ ಅನುಮತಿಯ ಅರ್ಜಿಯನ್ನು ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲೇ ಹಾಕಿ. ನಮ್ಮ ಕಡೆಯ ಅನೇಕರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆದಿರುತ್ತಾರೆ. ಟಿಕೆಟ್ ಮತ್ತು ಇಟಿಎ ಎರಡೂ ಪಾಸ್‌ಪೋರ್ಟ್‌ಗೆ ಹೊಂದುವಂತೆ ಒಬ್ಬರೇ ಕೂತು 33 ಹೆಸರನ್ನೂ ತಾಳೆ ನೋಡಿ. ಸಿಗಿರಿಯದಲ್ಲಿ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇದೆ, ಅದಕ್ಕೂ ಪಾಸ್‌ಪೋರ್ಟ್ ಬೇಕು.

ಸಸ್ಯಾಹಾರಿಗಳಿದ್ದರೆ ಈ ಮಾತು ಗಮನಿಸಿ. ಬೆಳಗಿನ ಇಡಿಯಪ್ಪದ ಜೊತೆ ಬರುವ ಕೆಂಪನೆಯ ತೆಂಗಿನಕಾಯಿ ಪೊಲ್ ಸಂಬೋಲ್ ನೋಡಲು ನಮ್ಮ ಚಟ್ನಿಯಂತೆಯೇ ಇರುತ್ತದೆ. ಅದರಲ್ಲಿ ಉಂಬಲಕಡ, ಅಂದರೆ ಒಣಗಿಸಿದ ಮೀನಿನ ಚೂರು, ಬೆರೆಸುವುದು ಮಾಮೂಲು. ಕೆಲವೆಡೆ ಬೇಳೆ ಸಾರಿಗೂ ಹಾಕುತ್ತಾರೆ. ಬರೀ ‘ವೆಜ್’ ಎಂದರೆ ಸಾಲದು; ‘ಉಂಬಲಕಡ ಬೇಡ’ ಎಂದು ಹೋಟೆಲಿಗೆ ಮೊದಲೇ ಬರೆದು ಕಳಿಸಿ.

ನುವರ ಎಲಿಯದಿಂದ ಹೋಗಿಬರುವ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ 2,100 ಮೀಟರ್‌ಗಿಂತ ಎತ್ತರದಲ್ಲಿದೆ. ಬೆಳಗ್ಗೆ ಒಂಬತ್ತು–ಹತ್ತರ ಹೊತ್ತಿಗೆ ಮೋಡ ಏರಿ ‘ವರ್ಲ್ಡ್ಸ್ ಎಂಡ್’ ಪ್ರಪಾತ ಮುಚ್ಚಿಹೋಗುತ್ತದೆ. ಹೋಟೆಲನ್ನು ಬೆಳಗಿನ ಜಾವ ಐದರೊಳಗೆ ಬಿಡಬೇಕು. ದೊಡ್ಡ ಬಸ್ಸಿನ ಬದಲು ಆ ಬೆಳಗ್ಗೆಗೆ ವ್ಯಾನ್‌ಗಳನ್ನು ಗೊತ್ತುಮಾಡಿ. ನಡೆಯುವ ಸುತ್ತು ಸುಮಾರು 9 ಕಿ.ಮೀ.; ಸ್ವೆಟರ್ ಬೇಕೇ ಬೇಕು. ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಪ್ಲಾಸ್ಟಿಕ್ ಕವರ್ ತೆಗೆಸುತ್ತಾರೆ, ಬುತ್ತಿಯನ್ನು ಡಬ್ಬಿಯಲ್ಲೇ ಕಟ್ಟಿಸಿ.

ನನ್ನ ಮಟ್ಟಿಗೆ ಈ ಪ್ರವಾಸದ ಜೀವವೇ ಸಿಂಹರಾಜ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಒಂದೇ ಜೀವವೈವಿಧ್ಯ ತಾಣವಾಗಿ ಎಣಿಸುತ್ತಾರೆ. ನಮ್ಮ ಸಾಲುಧೂಪ ಮರದ ಸಸ್ಯಶಾಸ್ತ್ರೀಯ ಹೆಸರು ವಟೇರಿಯಾ ಇಂಡಿಕಾ. ಅದೇ ಕುಲದ ವಟೇರಿಯಾ ಕೊಪಲಿಫೆರಾ ಶ್ರೀಲಂಕಾದ ತಗ್ಗು ಮಳೆಕಾಡಿನದು, ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಹೊರಡುವ ಮುಂಚೆ ಆಗುಂಬೆಯಲ್ಲಿ ಒಂದು ದಿನ ಮರ, ಎಲೆ, ಕಾಯಿ ಗುರುತಿಸುವ ಅಭ್ಯಾಸ ಮಾಡಿಸಿ. ಆಗ ಸಿಂಹರಾಜದಲ್ಲಿ ಹೋಲಿಸಲು ಏನಾದರೂ ಕೈಯಲ್ಲಿರುತ್ತದೆ.

ಕಾಡಿನೊಳಗೆ ಮಾರ್ಗದರ್ಶಿ ಕಡ್ಡಾಯ. 30 ಜನರ ಸಾಲು ಹೋದರೆ ಹಿಂದಿನವರಿಗೆ ಏನೂ ಕಾಣದು, ಕೇಳದು. ಹತ್ತತ್ತರ ಮೂರು ತಂಡ, ತಂಡಕ್ಕೊಬ್ಬ ಮಾರ್ಗದರ್ಶಿ, ನಡುವೆ 20 ನಿಮಿಷ ಅಂತರ. ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಮೇಯುವ ಹಿಂಡು ಎದುರಾದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಕಾಜಾಣದ ಕೂಗು ಕೇಳಿದರೆ ಹಿಂಡು ಹತ್ತಿರದಲ್ಲೇ ಇರಬಹುದು.

ಇಂಬಳ ಖಂಡಿತ ಇರುತ್ತವೆ. ಮೊಣಕಾಲುದ್ದದ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ತುರುಕಿಸಿ. ಕಚ್ಚಿದ್ದನ್ನು ಎಳೆಯದೆ, ಉಗುರನ್ನು ಬಾಯಿಯ ಬುಡಕ್ಕೆ ಸರಿಸಿ ಬಿಡಿಸಿ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟದ ಕಾರಣ ಸ್ವಲ್ಪ ಹೊತ್ತು ಸುರಿಯುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಶ್ರೀಲಂಕಾ ಮಲೇರಿಯಾ ಮುಕ್ತ ಎಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿದೆ, ಆದರೆ ಡೆಂಗ್ಯೂ ಇದೆ. ಹಗಲಲ್ಲೇ ಸೊಳ್ಳೆ ಮುಲಾಮು ಹಚ್ಚಿಸಿ.

ಹರ್ಬೇರಿಯಂಗೆಂದು (ಒಣಗಿಸಿದ ಸಸ್ಯ ಮಾದರಿಗಳ ಸಂಗ್ರಹಕ್ಕೆ) ಬಿದ್ದ ಎಲೆಯನ್ನೂ ಎತ್ತಬಾರದು. ಅನುಮತಿಯಿಲ್ಲದೆ ಮಾದರಿ ಸಂಗ್ರಹ ಅಲ್ಲಿ ಅಪರಾಧ. ಪ್ರತಿ ತಂಡಕ್ಕೂ 15 ಸೆಂ.ಮೀ. ಸ್ಕೇಲು ಕೊಡಿ, ಎಲೆಯ ಪಕ್ಕ ಅದನ್ನಿಟ್ಟು ಮೇಲ್ಮೈ, ತಳಮೈ, ತೊಟ್ಟು ಮೂರರ ಫೋಟೊ ತೆಗೆಸಿ. ಎತ್ತರ ಮತ್ತು ಸಮಯವನ್ನು ಅಲ್ಲೇ ಪುಸ್ತಕದಲ್ಲಿ ಬರೆಸಿ, ಪೆನ್ಸಿಲ್‌ನಲ್ಲಿ. ಒದ್ದೆ ಹಾಳೆಯ ಮೇಲೆ ಪೆನ್ನಿನ ಶಾಯಿ ಹರಡುತ್ತದೆ.