ಓದುಗರ ಪ್ರಶ್ನೆ: ಲಾಕ್ ಇಲ್ಲದ ಮಡಚುವ ಚಾಕು

ಪ್ರಶ್ನೆ: ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಅಲ್ಲಿನ ಕಸುಬುದಾರರೊಬ್ಬರಿಂದ ಮಾಡಿಸಿದ ಮಡಚುವ ಚಾಕುವನ್ನು ನನಗೆ ಕೊಟ್ಟರು. ಮೂರು ಇಂಚಿಗಿಂತ ಚಿಕ್ಕದಾದ ಒಂದೇ ಅಲಗು, ನುಣುಪಾದ ಕಪ್ಪು ಕೊಂಬಿನ ಹಿಡಿ. ನೋಡಲು ಬಹಳ ಅಂದವಾಗಿದೆ. ಆದರೆ ಬಿಚ್ಚಿದ ಅಲಗನ್ನು ಹಿಡಿದಿಡುವ ಲಾಕ್ ಇಲ್ಲ. ಮಾವಿನಕಾಯಿ ಹೆಚ್ಚಿದ ಮೇಲೆ ಅಲಗು ನೀಲಿಗಟ್ಟಿದೆ. ಇಷ್ಟು ಬೆಲೆಯ ವಸ್ತುವಿನಲ್ಲಿ ಇವು ದೋಷಗಳಲ್ಲವೇ? ಹಿಡಿ ಕಡವೆಯ ಕೊಂಬಿನದಾಗಿದ್ದರೆ ಇಟ್ಟುಕೊಳ್ಳಬಹುದೇ?
— ನಿವೃತ್ತ ಅಧ್ಯಾಪಕರೊಬ್ಬರು, ಶಿರಸಿ

ಉತ್ತರ: ಎರಡೂ ದೋಷಗಳಲ್ಲ. ಈ ಬಗೆಯ ಚಾಕುವಿನ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿಯಿದ್ದು, ಅದು ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ಬಿಚ್ಚಿದಾಗ ಬಿಚ್ಚಿಕೊಂಡೂ ಮಡಚಿದಾಗ ಮಡಚಿಕೊಂಡೂ ಇರುವಂತೆ ಅಲಗನ್ನು ನಿಲ್ಲಿಸುವುದು ಆ ಒತ್ತಡವೇ ಹೊರತು ಬೇರೆ ಕೊಂಡಿಯಲ್ಲ. ಬ್ರಿಟನ್ನಿನ 1988ರ ಕಾನೂನು ಸಹ ಮೂರು ಇಂಚು ಮೀರದ, ಲಾಕ್ ಇಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಳ್ಳಲು ಬಿಡುತ್ತದೆ. ಚುಚ್ಚುವ, ಮೀಟುವ ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ, ಅಲಗು ಬೆರಳಿನ ಮೇಲೆ ಮಡಚಿಕೊಂಡೀತು.

ಬೆಲೆಗೆ ಕಾರಣ ತಿಳಿಯಬೇಕಾದರೆ ಚಾಕುವನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಿಚ್ಚಿ. ಮೊದಲು ಬಿಗಿ, ನಡುವೆ ಒಂದೇ ಸಮನಾದ ಜಾರು, ಕೊನೆಯಲ್ಲಿ 'ಟಕ್' ಎಂಬ ಗಟ್ಟಿ ಸದ್ದು ಬರಬೇಕು. ಇಂಗ್ಲಿಷ್ ಬಲ್ಲ ಕಸುಬುದಾರರು ಇದನ್ನು 'ವಾಕ್ ಅಂಡ್ ಟಾಕ್' ಎನ್ನುತ್ತಾರೆ; ನಮ್ಮ 'ನಡೆನುಡಿ' ಅದಕ್ಕೆ ಹೇಳಿ ಮಾಡಿಸಿದ ಮಾತು. ಬಳಿಕ ಬೆನ್ನಿನ ಮೇಲೆ ಉಗುರು ಎಳೆಯಿರಿ. ಬಿಚ್ಚಿದಾಗಲೂ ಮಡಚಿದಾಗಲೂ ಉಗುರು ಎಲ್ಲಿಯೂ ಎಡವದಿದ್ದರೆ, ದೀಪಕ್ಕೆ ಹಿಡಿದಾಗ ಪಟ್ಟಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ನುಸುಳದಿದ್ದರೆ, ಮಾಡಿದವರು ಅರದಿಂದ ಕೂದಲೆಳೆಯಷ್ಟು ಉಜ್ಜಿ, ಜೋಡಿಸಿ ನೋಡಿ, ಮತ್ತೆ ಬಿಚ್ಚಿ ಉಜ್ಜಿದ್ದಾರೆಂದು ತಿಳಿಯಿರಿ. ನಿಮ್ಮ ಅಳಿಯಂದಿರು ಹಣ ತೆತ್ತಿರುವುದು ಈ ತಾಳ್ಮೆಗೆ. ಶೆಫೀಲ್ಡಿನಲ್ಲಿ ಹೀಗೆ ಸ್ವಂತವಾಗಿ ದುಡಿಯುವ ಕಸುಬುದಾರರನ್ನು 'ಲಿಟ್ಲ್ ಮೆಸ್ಟರ್' ಎಂದು ಕರೆಯುವ ರೂಢಿಯಿದೆ. ಅವರಲ್ಲಿ ಬಹಳ ಹೆಸರಾದ ಸ್ಟಾನ್ ಶಾ 1926ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಕಸುಬಿಗೆ ಸೇರಿ, 2021ರಲ್ಲಿ ತೀರಿಕೊಂಡರು.

ನೀಲಿಯ ವಿಷಯ. ನಿಮ್ಮದು ಸ್ಟೇನ್‌ಲೆಸ್ ಅಲ್ಲದ ಇಂಗಾಲದ ಉಕ್ಕು. ಮಾವಿನ ಹುಳಿ ತಗುಲಿ ಬಣ್ಣ ತಿರುಗಿದೆ. ಈ ಪೊರೆ ತುಕ್ಕನ್ನು ಸ್ವಲ್ಪ ತಡೆಯುತ್ತದೆ, ತಿಕ್ಕಿ ತೆಗೆಯಬೇಡಿ. ಕೆಂಪು ತುಕ್ಕು ಕಂಡರೆ ಮಾತ್ರ ಕೂಡಲೇ ಒರೆಸಬೇಕು. ಉಕ್ಕಿನ ಮಾತು ಬಂದಾಗ ಇದನ್ನೊಂದು ಹೇಳದೆ ಇರಲಾರೆ. 1795ರಲ್ಲಿ ವೈದ್ಯ ಜಾರ್ಜ್ ಪಿಯರ್ಸನ್ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಭಾರತದಿಂದ ಬಂದಿದ್ದ 'ವೂಟ್ಸ್' ಉಕ್ಕಿನ ಬಗ್ಗೆ ಪ್ರಬಂಧ ಸಲ್ಲಿಸಿದರು. ಸ್ಟೋಡಾರ್ಟ್ ಎಂಬ ಚಾಕು ತಯಾರಕರು ಅವರಿಗಾಗಿ ಆ ಉಕ್ಕನ್ನು ಬಡಿದು ಮಾಡಿದ್ದು ಒಂದು ಲೇಖನಿಚಾಕು. 'ವೂಟ್ಸ್' ಎಂಬುದು ನಮ್ಮ 'ಉಕ್ಕು' ಪದವೇ ನಾಲಿಗೆ ತಿರುಗದೆ ಕೆಟ್ಟ ರೂಪವೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ.

ಕಡವೆಯ ಕೊಂಬು ಎಲುಬಿನ ಜಾತಿಯದು. ಅದರ ಮೈ ಒರಟಾಗಿ, ಉದ್ದುದ್ದ ಗೀರುಗಳಿಂದ ಕೂಡಿರುತ್ತದೆ. ನೀವು ಹೇಳುವ ನುಣುಪು ಕಪ್ಪು ಬಹುಮಟ್ಟಿಗೆ ಎಮ್ಮೆ ಅಥವಾ ಕೋಣದ ಕೊಂಬು, ನಮ್ಮ ಉಗುರಿನಂಥದೇ ವಸ್ತು, ಅದಕ್ಕೆ ತಡೆಯಿಲ್ಲ. ಕಡವೆಯದು ಉದುರಿದ ಕೊಂಬಾದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಆದ್ದರಿಂದ ಮೈಯ ಗೀರುಗಳನ್ನು ಒಮ್ಮೆ ನೀವೇ ಪರೀಕ್ಷಿಸಿಕೊಳ್ಳಿ.

ಕೊಂಬು ನೆನೆದರೆ ಬಿರಿಯುತ್ತದೆ. ಪಾತ್ರೆಗಳ ಜೊತೆ ನೀರಿಗೆ ಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಅಲಗು ತಿರುಗುವ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು, ಅಡುಗೆ ಎಣ್ಣೆ ಅಂಟುಗಟ್ಟುತ್ತದೆ. ಹರಿತ ತಗ್ಗಿದಾಗ ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ ನೀವೇ ಮೆಲ್ಲಗೆ ಎಳೆಯಿರಿ. ಬೀದಿಯಲ್ಲಿ ಬರುವ ಸಾಣೆಯವನ ಒಣ ಚಕ್ರಕ್ಕೆ ಕೊಡಬೇಡಿ. ಅಲ್ಲಿ ಕಿಡಿ ಹಾರಿ ಅಂಚು ಕಾದರೆ ಅದೂ ನೀಲಿಗಟ್ಟುತ್ತದೆ, ಆದರೆ ಆ ನೀಲಿ ಹದ ಇಳಿದ ಗುರುತು. ಅಷ್ಟು ಅಂಚನ್ನು ಸವೆಸಿ ತೆಗೆಯದೆ ಬೇರೆ ದಾರಿಯಿಲ್ಲ.